ಗಾಜಿನ ಹಿಂದಣ ಆಹಾರ

ಅಮೆರಿಕ ಸಂಯುಕ್ತ ಸಂಸ್ಥಾನದ ಯಾವುದಾದರೊಂದು ಸರ್ಕಾರಿ ಕಟ್ಟಡದ ನೆಲಮಹಡಿಯಲ್ಲಿ, ಲಿಫ್ಟಿನ ಬಾಗಿಲಿಗೂ, ಕಾಗದಪತ್ರಗಳನ್ನು ತೊಡೆಯ ಮೇಲಿರಿಸಿಕೊಂಡು ತಮ್ಮ ಸರದಿಗಾಗಿ ಕಾದು ಕುಳಿತ ಜನರ ಬೆಂಚುಗಳಿಗೂ ನಡುವೆ, ಆಳೆತ್ತರದ ಒಂದು ಗಾಜಿನ ಬೀರು ನಿಂತಿರುತ್ತದೆ. ಒಳಗೆ ಹಗಲಿರುಳೂ ದೀಪ ಉರಿಯುತ್ತಿರುತ್ತದೆ. ಅಂತಸ್ತು ಅಂತಸ್ತಾಗಿ ಜೋಡಿಸಿದ ತಟ್ಟೆಗಳ ಮೇಲೆ ಉಕ್ಕಿನ ತಂತಿಯ ಸುರುಳಿಗಳು ಮಲಗಿರುತ್ತವೆ. ಸುರುಳಿಯ ಸುತ್ತು ಸುತ್ತಿನ ಎಡೆಯಲ್ಲಿಯೂ ಒಂದೊಂದು ಪೊಟ್ಟಣ. ಹಣ ತೆತ್ತು ಅಕ್ಷರವನ್ನೂ ಅಂಕಿಯನ್ನೂ ಒತ್ತಿದೊಡನೆ ಹಿಂಬದಿಯ ಪುಟ್ಟ ಮೋಟಾರು ಸುರುಳಿಯನ್ನು ಸರಿಯಾಗಿ ಒಂದು ಸುತ್ತು ತಿರುಗಿಸುತ್ತದೆ. ಸಾಲೆಲ್ಲ ಒಂದು ಹೆಜ್ಜೆ ಮುಂದಕ್ಕೆ ಸರಿದು, ತುದಿಯಲ್ಲಿದ್ದ ಪೊಟ್ಟಣವು ಅಂಚನ್ನು ದಾಟಿ ಕೆಳಗಿನ ತೊಟ್ಟಿಗೆ ಬೀಳುತ್ತದೆ. ಈಚಿನ ಯಂತ್ರಗಳಲ್ಲಿ ಅದು ಬೀಳುವ ದಾರಿಗೆ ಅಡ್ಡಲಾಗಿ ಅವಕೆಂಪು ಕಿರಣಗಳ ಒಂದು ತೆರೆ ಇರುತ್ತದೆ. ಕಿರಣ ಕಡಿಯದೆ ಹೋದರೆ ಪದಾರ್ಥ ಸಿಕ್ಕಿಕೊಂಡಿದೆಯೆಂದು ಯಂತ್ರವು ಅರಿತು, ಮತ್ತೊಮ್ಮೆ ಸುರುಳಿಯನ್ನು ತಿರುಗಿಸುತ್ತದೆ, ಇಲ್ಲವೆ ಹಣವನ್ನು ಹಿಂದಿರುಗಿಸುತ್ತದೆ.

ಹಣ ಹಾಕಿದರೆ ಪದಾರ್ಥ ಕೊಡುವ ಯಂತ್ರದ ಕಲ್ಪನೆ ಬಹು ಹಳೆಯದು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದಲ್ಲಿದ್ದ ಹೀರೋ ಎಂಬ ಯಂತ್ರಶಾಸ್ತ್ರಜ್ಞನು, ದೇವಾಲಯದ ಬಾಗಿಲಿನಲ್ಲಿ ಐದು ದ್ರಾಖ್ಮದ ನಾಣ್ಯವೊಂದನ್ನು ಹಾಕಿದರೆ ಸ್ವಲ್ಪ ಪವಿತ್ರಜಲವನ್ನು ಸುರಿಸುವ ಪಾತ್ರೆಯೊಂದನ್ನು ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ: ನಾಣ್ಯವು ತಕ್ಕಡಿಯ ಪರಟೆಯಂಥ ಒಂದು ತಟ್ಟೆಯ ಮೇಲೆ ಬಿದ್ದು ಸನ್ನೆಯನ್ನು ವಾಲಿಸುತ್ತದೆ, ಸನ್ನೆಯ ಇನ್ನೊಂದು ತುದಿ ಬಿರಡೆಯನ್ನು ಮೇಲಕ್ಕೆತ್ತುತ್ತದೆ, ತಟ್ಟೆ ವಾಲುತ್ತ ವಾಲುತ್ತ ನಾಣ್ಯ ಜಾರಿಹೋದಾಗ ಬಿರಡೆ ಮತ್ತೆ ಮುಚ್ಚಿಕೊಳ್ಳುತ್ತದೆ. ಅಲ್ಲಿಂದ 1888ರಲ್ಲಿ ನ್ಯೂಯಾರ್ಕಿನ ಮೇಲ್ಸೇತುವೆಯ ರೈಲುನಿಲ್ದಾಣಗಳಲ್ಲಿ ಚ್ಯೂಯಿಂಗ್ ಗಮ್ ಮಾರಿದ ಯಂತ್ರಗಳವರೆಗಿನ ಇತಿಹಾಸ ನಮಗಿಲ್ಲಿ ಬೇಡ. ನಮಗೆ ಬೇಕಾದುದು ಆ ಬೀಳುವಿಕೆ. ನಾಲ್ಕಡಿ ಎತ್ತರದಿಂದ ಬಿದ್ದರೂ ಒಡೆಯದೆ, ಚೆಲ್ಲದೆ, ವಾರಗಟ್ಟಲೆ ದೀಪದ ಬೆಳಕಿನಲ್ಲಿ ನಿಂತರೂ ಕೆಡದೆ, ತೆಗೆಯುವವರ ಮುಂದೆ ಹೊಸತಾಗಿ ತೋರತಕ್ಕ ಪದಾರ್ಥ ಯಾವುದು ಎಂಬ ಪ್ರಶ್ನೆಗೆ ಉತ್ತರ ಕೊಟ್ಟೆವಾದರೆ, ಆ ಬೀರುವಿನಲ್ಲಿ ಏಕೆ ಕಿತ್ತಲೆಹಣ್ಣಿರುವುದಿಲ್ಲ, ಏಕೆ ಆಲೂಗೆಡ್ಡೆಯ ಚಿಪ್ಸು ಇರುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಆಹಾರ ಕೆಡುವುದು ಅದರಲ್ಲಿರುವ ನೀರಿನಿಂದ. ಆದರೆ ಎಷ್ಟು ನೀರಿದೆ ಎಂಬುದಕ್ಕಿಂತ, ಆ ನೀರಿನಲ್ಲಿ ಎಷ್ಟು ಭಾಗ ಸೂಕ್ಷ್ಮಜೀವಿಗಳ ಕೈಗೆ ನಿಲುಕುವಂತಿದೆ ಎಂಬುದು ಮುಖ್ಯ. ಆಹಾರದ ಮೇಲಣ ನೀರಾವಿಯ ಒತ್ತಡವನ್ನು ಅದೇ ಉಷ್ಣತೆಯ ಶುದ್ಧ ನೀರಿನ ಆವಿಯ ಒತ್ತಡದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಜಲಕ್ರಿಯಾಶೀಲತೆ ಎನ್ನೋಣ. ಶುದ್ಧ ಜಲಕ್ಕೆ ಇದು 1. ಹಣ್ಣು, ಮಾಂಸ, ಬೇಯಿಸಿದ ಅನ್ನ ಇವುಗಳಿಗೆ 0.95ಕ್ಕೂ ಮೇಲೆ. ಬಹುಪಾಲು ಬ್ಯಾಕ್ಟೀರಿಯಗಳು 0.91ರಿಂದ ಕೆಳಗೆ ವೃದ್ಧಿಹೊಂದಲಾರವು, ಬೂಷ್ಟುಗಳು ಇನ್ನಷ್ಟು ಕೆಳಕ್ಕೆ ಇಳಿಯಬಲ್ಲವು, 0.6ರ ಕೆಳಗೆ ಯಾವ ಜೀವಿಯೂ ಬೆಳೆಯಲಾರದು. ಜೇನುತುಪ್ಪದಲ್ಲಿ ನೂರಕ್ಕೆ ಹದಿನೇಳು ಹದಿನೆಂಟು ಪಾಲು ನೀರಿದ್ದರೂ ಸಕ್ಕರೆಯು ಅದನ್ನು ಬಿಗಿಹಿಡಿದಿರುವ ಕಾರಣ ಅದು ಕೆಡುವುದಿಲ್ಲ. ಹೀಗಿರಲಾಗಿ, ಶೈತ್ಯದ ನೆರವಿಲ್ಲದೆ ಬೀರುವಿನಲ್ಲಿ ನಿಲ್ಲತಕ್ಕ ಆಹಾರಕ್ಕೆ ದಾರಿಗಳು ಕೆಲವೇ: ನೀರನ್ನು ಓಡಿಸಬೇಕು, ಇಲ್ಲವೆ ಸಕ್ಕರೆ ಉಪ್ಪುಗಳಿಂದ ಕಟ್ಟಿಹಾಕಬೇಕು. ಓಡಿಸುವ ಅತ್ಯಂತ ಸುಲಭವಾದ ಉಪಾಯವೆಂದರೆ ಕಾದ ಎಣ್ಣೆ.

ಇದು ನಮ್ಮ ಅಡುಗೆಮನೆಗಳಿಗೆ ಹೊಸ ವಿದ್ಯೆಯೇನೂ ಅಲ್ಲ. ಊರಿನಿಂದ ಹೊರಡುವ ಮಗನಿಗೆ ಚಕ್ಕುಲಿ, ಕೋಡುಬಳೆಗಳನ್ನು ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ಒದ್ದೆ ಕೈ ಹಾಕಬೇಡವೆಂದು ಹೇಳಿ ಕಳುಹಿಸುವ ತಾಯಿಗೆ ಮೇಲಿನ ಸಂಖ್ಯೆ ತಿಳಿಯದೆ ಇರಬಹುದು, ಅದರ ಅರ್ಥ ಪೂರ್ಣವಾಗಿ ತಿಳಿದಿದೆ. ಮಳೆಗಾಲದಲ್ಲಿ ಗಾಳಿಯ ತೇವವನ್ನು ಹೀರಿ ಚಕ್ಕುಲಿ ಮೆತ್ತಗಾಗುವುದು ಅದರ ಜಲಕ್ರಿಯಾಶೀಲತೆ ಸುಮಾರು 0.4ನ್ನು ದಾಟಿದಾಗ, ಬೂಷ್ಟು ಹಿಡಿಯುವ ಮೊದಲೇ ಗರಿಗರಿತನ ಹೋಗಿ, ತಿನ್ನುವವನಿಗೆ ಅದೊಂದು ಮುನ್ನೆಚ್ಚರಿಕೆಯಾಗುತ್ತದೆ. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಕಾರ್ಯದಲ್ಲಿ, ಇಂಥ ಪದಾರ್ಥಗಳು ತೇವವನ್ನು ಹೀರುವ ಬಗೆಯನ್ನೂ ಅವಕ್ಕೆ ತಕ್ಕ ಹೊದಿಕೆಯನ್ನೂ ಕುರಿತ ವಿಚಾರಕ್ಕೆ ಒಂದು ಸ್ಥಾನವುಂಟು. ಆದರೆ ಮನೆಯ ಡಬ್ಬಿಗೂ ಗಾಜಿನ ಬೀರುವಿಗೂ ಒಂದು ಭೇದವಿದೆ. ಡಬ್ಬಿಯ ತಿಂಡಿ ಊಟದ ನಡುವಣ ನಂಚಿಕೆ. ಬೀರುವಿನ ತಿಂಡಿ, ಮಧ್ಯಾಹ್ನದ ಬಿಡುವಿನಲ್ಲಿ ಬೇರೆಲ್ಲಿಗೂ ಹೋಗಲಾರದ ಕೆಲಸಗಾರನಿಗೆ, ಎಷ್ಟೋ ದಿನ ಊಟವೇ.

ನೀರು ಹೋದಮೇಲೆ ಉಳಿಯುವುದು ಸಾಂದ್ರವಾದ ಶಕ್ತಿ. ಆಲೂಗೆಡ್ಡೆಯಲ್ಲಿ ನೂರಕ್ಕೆ ಸುಮಾರು 80 ಪಾಲು ನೀರು; ತೆಳುವಾಗಿ ಹೆಚ್ಚಿ ಎಣ್ಣೆಗೆ ಬಿಟ್ಟಾಗ ಆ ನೀರು ಆವಿಯಾಗಿ ಸಿಡಿದುಹೋಗಿ, ಬಿಲ್ಲೆಯನ್ನು ಹೊರತೆಗೆದು ತಣಿಯುವಾಗ ಒಳಗೆ ಉಳಿದ ಆವಿ ನೀರಾಗಿ ಕುಗ್ಗುವುದರಿಂದ, ಮೇಲ್ಮೈಗೆ ಅಂಟಿದ ಎಣ್ಣೆ ಆ ಸೂಕ್ಷ್ಮರಂಧ್ರಗಳೊಳಕ್ಕೆ ಸೆಳೆಯಲ್ಪಡುತ್ತದೆ. ನೂರು ಗ್ರಾಂ ಹಸಿ ಗೆಡ್ಡೆಯಲ್ಲಿ ಸುಮಾರು 77 ಕಿಲೊಕ್ಯಾಲೊರಿಗಳಿದ್ದರೆ ನೂರು ಗ್ರಾಂ ಚಿಪ್ಸಿನಲ್ಲಿ ಸುಮಾರು 535. ಮನುಷ್ಯನ ಹೊಟ್ಟೆಯಾದರೋ ಕ್ಯಾಲೊರಿಯನ್ನು ಎಣಿಸದೆ, ಬಹುಮಟ್ಟಿಗೆ ತಿಂದುದರ ಗಾತ್ರವನ್ನೂ ತೂಕವನ್ನೂ ಎಣಿಸುತ್ತದೆ ಎಂಬುದನ್ನು ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಅವರ ದೀರ್ಘಕಾಲದ ಪ್ರಯೋಗಗಳು ತೋರಿಸಿವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸ್ವಂತ ಆಸ್ಪತ್ರೆಯಲ್ಲಿಯೇ ಕೆವಿನ್ ಹಾಲ್ ಮತ್ತು ಸಂಗಡಿಗರು ಇಪ್ಪತ್ತು ಮಂದಿಯನ್ನು ಇರಿಸಿಕೊಂಡು ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನು ಬೇಕಾದಷ್ಟು ತಿನ್ನಲು ಬಿಟ್ಟ ಎರಡು ವಾರಗಳಲ್ಲಿ ಅವರು, ಸಂಸ್ಕರಿಸದ ಆಹಾರವನ್ನು ಕೊಟ್ಟ ಎರಡು ವಾರಗಳಿಗಿಂತ, ದಿನಕ್ಕೆ ಸುಮಾರು 500 ಕಿಲೊಕ್ಯಾಲೊರಿಯಷ್ಟು ಹೆಚ್ಚು ತಿಂದರು. ಹಸಿವು ಅವರನ್ನು ಹಾಗೆ ಮಾಡಿಸಿತೆಂದಾಗಲಿ, ಅವರ ಮನಸ್ಸು ದುರ್ಬಲವಾಗಿತ್ತೆಂದಾಗಲಿ ಹೇಳಲಾಗದು. ಎದುರಿಗಿಟ್ಟ ಆಹಾರ ಬದಲಾಗಿತ್ತು, ಅಷ್ಟೆ. ಯಂತ್ರದ ಮುಂದೆ ನಿಂತವನನ್ನು ಬೈಯುವವರಿಗೆ ಈ ಪ್ರಯೋಗವನ್ನು ನಾನು ಮತ್ತೆ ಮತ್ತೆ ನೆನಪಿಸಬಯಸುತ್ತೇನೆ.

ಇನ್ನು ಆ ಬೀರು ನಿಂತ ನೆಲದ ಮಾತು. ಖಾಸಗಿ ಅಂಗಡಿಯವನು ತನ್ನ ಅಂಗಡಿಯಲ್ಲಿ ಏನನ್ನು ಮಾರುತ್ತಾನೆಂಬುದು ಅವನ ಇಷ್ಟ. ಸರ್ಕಾರದ ನೆಲದಲ್ಲಿ ಜಾಗ ಕೊಡುವವರು ಪ್ರಜೆಗಳು. ಪ್ರಜೆಗಳ ಹಣದಿಂದ ಒಂದು ಇಲಾಖೆ ಮಧುಮೇಹವನ್ನು ತಡೆಯಿರೆಂದು ಕರಪತ್ರ ಹಂಚುತ್ತಿರುವಾಗ, ಅದೇ ಕಟ್ಟಡದ ಕೆಳಗಿನ ಮಹಡಿಯಲ್ಲಿ ಮಧುಮೇಹಕ್ಕೆ ದಾರಿ ಮಾಡುವ ಪಾನೀಯವಲ್ಲದೆ ಬೇರೇನೂ ಸಿಗದಂತಿರುವುದು ಸಲ್ಲದು ಎಂಬುದೇ, ಇಂಥ ಯಂತ್ರಗಳಲ್ಲಿ ಮಾರುವ ಆಹಾರಕ್ಕೆ ಸರ್ಕಾರಗಳು ಗೊತ್ತುಮಾಡಿರುವ ಪೋಷಣೆಯ ಪ್ರಮಾಣಗಳ ಹಿಂದಿರುವ ನ್ಯಾಯ. ನ್ಯೂಯಾರ್ಕ್ ನಗರವು 2008ರಲ್ಲಿ ಮೇಯರ್ ಬ್ಲೂಮ್‌ಬರ್ಗ್ ಅವರ ಆಜ್ಞೆಯಿಂದ ತನ್ನ ಇಲಾಖೆಗಳು ಕೊಳ್ಳುವ ಮತ್ತು ಬಡಿಸುವ ಆಹಾರಕ್ಕೆಲ್ಲ ನಿಯಮಗಳನ್ನು ಏರ್ಪಡಿಸಿ, ಮುಂದೆ ಯಂತ್ರಗಳಿಗೂ ಅವನ್ನು ವಿಸ್ತರಿಸಿತು. ಕೇಂದ್ರ ಸರ್ಕಾರದ ಕಟ್ಟಡಗಳಿಗಾಗಿ 2011ರಲ್ಲಿ ಆರೋಗ್ಯ ಇಲಾಖೆಯೂ ಸರ್ಕಾರಿ ಕಟ್ಟಡಗಳ ಆಡಳಿತ ನೋಡುವ ಸಂಸ್ಥೆಯೂ ಜೊತೆಗೂಡಿ ಮಾರ್ಗಸೂಚಿಗಳನ್ನು ಹೊರಡಿಸಿದುವು. 2017ರಲ್ಲಿ ಅವುಗಳ ಪರಿಷ್ಕೃತ ರೂಪ ಬಂದಿತು. ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಬಿಗಿಯಾದುದು: 2010ರ ಶಾಸನವೊಂದರ ಆಧಾರದ ಮೇಲೆ ಕೃಷಿ ಇಲಾಖೆಯು ರಚಿಸಿದ ‘ಸ್ಮಾರ್ಟ್ ಸ್ನ್ಯಾಕ್ಸ್’ ನಿಯಮಗಳು 2014ರ ಜುಲೈ 1ರಿಂದ ಜಾರಿಗೆ ಬಂದು, ಸರ್ಕಾರಿ ಊಟದ ಯೋಜನೆಗೆ ಸೇರಿದ ಶಾಲೆಗಳ ಆವರಣದಲ್ಲಿ ಹಿಂದಣ ನಡುರಾತ್ರಿಯಿಂದ ಶಾಲೆ ಬಿಟ್ಟ ಅರ್ಧ ಗಂಟೆಯವರೆಗೆ ಮಾರುವ ತಿಂಡಿಗಳಿಗೆಲ್ಲ ಅನ್ವಯವಾದುವು. ಫ್ರಾನ್ಸ್ ದೇಶವಂತೂ 2004ರ ಕಾನೂನಿನಿಂದ, ಮರುವರ್ಷದ ಸೆಪ್ಟೆಂಬರಿಗೆ, ಶಾಲೆಗಳಿಂದ ಯಂತ್ರಗಳನ್ನೇ ಹೊರಗೆ ಕಳುಹಿಸಿತು. ನಮ್ಮ ದೇಶದಲ್ಲಿ 2020ರ ನಿಯಮಗಳು ಕೊಬ್ಬು, ಉಪ್ಪು, ಸಕ್ಕರೆ ಅಧಿಕವಾದ ಪದಾರ್ಥಗಳನ್ನು ಶಾಲೆಯಲ್ಲಿಯೂ ಅದರ ಸುತ್ತಣ 50 ಮೀಟರಿನಲ್ಲಿಯೂ ಮಾರಬಾರದೆಂದು ವಿಧಿಸಿವೆ.

ಅಮೆರಿಕದ ಆ ಶಾಲೆಯ ನಿಯಮದಲ್ಲಿ ಬರುವ ಅಂಕಿಗಳನ್ನು ಒಂದು ಪೊಟ್ಟಣದ ಮೇಲೆ ಪ್ರಯೋಗಿಸಿ ನೋಡಿದರೆ ಅವುಗಳ ಸ್ವಭಾವ ಚೆನ್ನಾಗಿ ತಿಳಿಯುತ್ತದೆ. ತಿಂಡಿಯಲ್ಲಿ 200 ಕ್ಯಾಲೊರಿಗಿಂತ ಹೆಚ್ಚಿರಕೂಡದು (ಪೊಟ್ಟಣಗಳ ಮೇಲೆ ಕ್ಯಾಲೊರಿಯೆಂದು ಅಚ್ಚಾಗುವುದು ವಾಸ್ತವವಾಗಿ ಕಿಲೊಕ್ಯಾಲೊರಿ). ಅದರಲ್ಲಿ ಕೊಬ್ಬಿನಿಂದ ಬರುವುದು ನೂರಕ್ಕೆ 35ನ್ನು ಮೀರಕೂಡದು. ಪರ್ಯಾಪ್ತ ಕೊಬ್ಬಿನಿಂದ ಬರುವುದು 10ಕ್ಕಿಂತ ಕಡಮೆಯಿರಬೇಕು. ಸಕ್ಕರೆಯು ತೂಕದಲ್ಲಿ ನೂರಕ್ಕೆ 35ರೊಳಗಿರಬೇಕು. ಸೋಡಿಯಂ ಮೊದಲಿಗೆ 230 ಮಿಲಿಗ್ರಾಂ, 2016ರ ಜುಲೈನಿಂದ 200. ಈಗ 28 ಗ್ರಾಮಿನ ಸಾಧಾರಣ ಚಿಪ್ಸಿನ ಪೊಟ್ಟಣವನ್ನು ಕೈಗೆತ್ತಿಕೊಳ್ಳಿ. ಶಕ್ತಿ ಸುಮಾರು 160 ಕ್ಯಾಲೊರಿ, ಪರೀಕ್ಷೆಯಲ್ಲಿ ತೇರ್ಗಡೆ. ಸೋಡಿಯಂ ಸುಮಾರು 170 ಮಿಲಿಗ್ರಾಂ, ಅಂದರೆ ಅರ್ಧ ಗ್ರಾಮಿಗೂ ಕಡಮೆ ಉಪ್ಪು, ನಾಲಗೆಗೆ ಅಷ್ಟು ಉಪ್ಪೆನಿಸುವುದು ಅದೆಲ್ಲ ಮೇಲ್ಮೈಯಲ್ಲಿ ಕುಳಿತಿರುವುದರಿಂದ, ಇದರಲ್ಲಿಯೂ ತೇರ್ಗಡೆ. ಕೊಬ್ಬು 10 ಗ್ರಾಂ. ಕೊಬ್ಬಿನ ಗ್ರಾಮಿಗೆ 9, ಹಿಟ್ಟುಸಕ್ಕರೆಗಳಿಗೂ ಪ್ರೋಟೀನಿಗೂ 4 ಎಂಬ ಲೆಕ್ಕವನ್ನು ನಮಗೆ ಕೊಟ್ಟವನು ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಕನೆಟಿಕಟ್ ಸಂಸ್ಥಾನದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ, ಮನುಷ್ಯನೊಬ್ಬನು ಹಲವು ದಿನ ಒಳಗೇ ಉಂಡು ಮಲಗಿ ಕೆಲಸ ಮಾಡಬಹುದಾದ ಒಂದು ಕೋಣೆಯನ್ನು ಕಟ್ಟಿ, ಅವನ ಮೈಯಿಂದ ಹೊರಡುವ ಶಾಖವನ್ನೆಲ್ಲ ಅಳೆದ ಮಹಾಶ್ರಮಿ. ಅವನ ಲೆಕ್ಕದಂತೆ ಹತ್ತು ಒಂಬತ್ತಲಿ ತೊಂಬತ್ತು. 160ರಲ್ಲಿ 90 ಎಂದರೆ ನೂರಕ್ಕೆ 56. ಪೊಟ್ಟಣ ಅಲ್ಲಿಗೆ ನಪಾಸು.

ಅದೇ ಲೆಕ್ಕವನ್ನು ಹುರಿದ ಕಡಲೆಕಾಯಿಬೀಜದ ಪೊಟ್ಟಣಕ್ಕೆ ಹಾಕಿದರೆ ಕೊಬ್ಬು 14 ಗ್ರಾಂ, ಶಕ್ತಿಯಲ್ಲಿ ಅದರ ಪಾಲು ಸುಮಾರು ಮುಕ್ಕಾಲು. ಚಿಪ್ಸಿಗಿಂತ ಕೀಳಾಗಿ ಕಾಣಬೇಕು. ಇಲ್ಲಿಯೇ ನಿಯಮವನ್ನು ಬರೆದವರ ವಿವೇಕ ಕಾಣಿಸುತ್ತದೆ: ಬೀಜಗಳ ಕೊಬ್ಬಿಗೆ ಅವರು ವಿನಾಯಿತಿ ಕೊಟ್ಟಿದ್ದಾರೆ. ಬೀಜದ ಕೊಬ್ಬು ಬಹುಪಾಲು ಅಪರ್ಯಾಪ್ತ ಜಾತಿಯದು. ಅದರೊಡನೆ ಪ್ರೋಟೀನು, ನಾರು ಸೇರಿ ಬರುತ್ತವೆ. ಮೇಲಾಗಿ ಬೀಜದ ಕೋಶಭಿತ್ತಿಗಳು ಅಗಿದರೂ ಪೂರ್ತಿ ಒಡೆಯದೆ ಹೋಗುವುದರಿಂದ ಅದರ ಕೊಬ್ಬೆಲ್ಲವೂ ಮೈಗೆ ಹತ್ತುವುದಿಲ್ಲ. ಒಣಗಿದುದಾಗಿಯೂ, ಬಿದ್ದರೆ ಒಡೆಯದುದಾಗಿಯೂ, ತಿಂದರೆ ಹಿತವಾದುದಾಗಿಯೂ ಇರುವ ಪದಾರ್ಥ ಸೃಷ್ಟಿಯಲ್ಲಿ ಒಂದು ಉಂಟೆಂದರೆ ಅದು ಬೀಜವೇ. ಗಿಡವು ತನ್ನ ಮುಂದಣ ತಲೆಮಾರನ್ನು ನೀರಿಲ್ಲದ ತಿಂಗಳುಗಳನ್ನು ದಾಟಿಸಲೆಂದು ಕಟ್ಟಿದ ಬುತ್ತಿ ಅದು. ಗಾಜಿನ ಬೀರು ಕೇಳುವ ಗುಣಗಳನ್ನೆಲ್ಲ ಅದು ಕೋಟ್ಯಂತರ ವರ್ಷಗಳ ಹಿಂದೆಯೇ ಸಂಪಾದಿಸಿಕೊಂಡಿದೆ.

ಸಕ್ಕರೆಯ ನಿಯಮವನ್ನು ನಾನು ಅಷ್ಟಾಗಿ ಮೆಚ್ಚಲಾರೆ. ತೂಕದಲ್ಲಿ ನೂರಕ್ಕೆ 35 ಎಂದರೆ, ನೀರು ತುಂಬಿದ ಮೊಸರಿಗೆ ಅದೊಂದು ಮಿತಿಯೇ ಅಲ್ಲ. ಒಣ ಬಿಸ್ಕತ್ತಿಗೆ ಅದು ಮೂರರಲ್ಲೊಂದು ಪಾಲಿನಷ್ಟು ಉದಾರವಾದ ಮಿತಿ. 28 ಗ್ರಾಮಿನ ಬಿಸ್ಕತ್ತಿನಲ್ಲಿ ಸುಮಾರು 10 ಗ್ರಾಂ, ಅಂದರೆ ಎರಡು ಚಮಚಕ್ಕೂ ಮಿಗಿಲಾದ ಸಕ್ಕರೆ ಇದ್ದರೂ ಅದು ಪಾರಾಗುತ್ತದೆ. ಧಾನ್ಯ, ಹಣ್ಣು, ತರಕಾರಿ, ಹಾಲು, ಪ್ರೋಟೀನುಳ್ಳ ಆಹಾರ, ಇವುಗಳಲ್ಲೊಂದು ಮೊದಲನೆಯ ಪದಾರ್ಥವಾಗಿರಬೇಕು, ಧಾನ್ಯವಾದರೆ ಅದು ತವುಡು ಸಹಿತವಾದ ಇಡೀ ಧಾನ್ಯವಾಗಿರಬೇಕು ಎಂಬ ಇನ್ನೊಂದು ವಿಧಿಯಿಂದ ಈ ಸಡಿಲ ಸ್ವಲ್ಪಮಟ್ಟಿಗೆ ಬಿಗಿಯಾಗುತ್ತದೆ. ತಯಾರಕರು ಮೈದಾದ ಬದಲು ಇಡೀ ಗೋಧಿಯ ಹಿಟ್ಟನ್ನು ಹಾಕಿ, ಪೊಟ್ಟಣವನ್ನು ಕಿರಿದುಗೊಳಿಸಿ, ಅದೇ ಹೆಸರು ಅದೇ ಬಣ್ಣಗಳಲ್ಲಿ ಶಾಲೆಗೆಂದೇ ಒಂದು ಪಾಕವನ್ನು ಸಿದ್ಧಪಡಿಸಿದರು. ಮಗುವಿನ ಕಣ್ಣಿಗೆ ಅದು ಅಂಗಡಿಯ ತಿಂಡಿಯೇ. ಶಾಲೆಯಲ್ಲಿ ದೊರೆತುದೆಂಬ ವಿಶ್ವಾಸ ಅಂಗಡಿಯ ಪೊಟ್ಟಣಕ್ಕೂ ಅಂಟಿಕೊಳ್ಳುತ್ತದೆಂಬ ಚಿಂತೆ ಪೋಷಣಶಾಸ್ತ್ರಜ್ಞರಲ್ಲಿದೆ, ಅದು ನನ್ನದೂ ಹೌದು.

ಪಾನೀಯಗಳ ಮಾತು ಇದಕ್ಕಿಂತ ಸರಳ. 355 ಮಿಲಿಲೀಟರಿನ ಕೋಲಾ ಡಬ್ಬಿಯಲ್ಲಿ 39 ಗ್ರಾಂ ಸಕ್ಕರೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವನಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಗರಿಷ್ಠ ಮಿತಿ 50 ಗ್ರಾಂ, ಸಾಧ್ಯವಾದರೆ 25. ಕುಡಿದ ಸಕ್ಕರೆ ಹಸಿವನ್ನು ಅಷ್ಟೇ ಪ್ರಮಾಣದ ಗಟ್ಟಿ ಆಹಾರದಷ್ಟು ತಣಿಸುವುದಿಲ್ಲ. ಆದುದರಿಂದ ಬೀರುವಿನಲ್ಲಿ ಒಂದೇ ಒಂದು ಬದಲಾವಣೆಗೆ ಅವಕಾಶವಿದೆಯೆಂದು ಯಾರಾದರೂ ಕೇಳಿದರೆ, ನೀರನ್ನು ಕಣ್ಣಿನ ನೇರಕ್ಕೆ ತನ್ನಿ, ಕೋಲಾವನ್ನು ಕೆಳಗಿನ ಸಾಲಿಗೆ ಇಳಿಸಿ ಎಂದೇ ನಾನು ಹೇಳುವೆನು.

ವಯಸ್ಕರಿಗೆ ಹೀಗೆ ವಿಧಿಸಬಹುದೆ ಎಂಬ ಆಕ್ಷೇಪಣೆ ಏಳುತ್ತದೆ. ಕೇಂದ್ರ ಸರ್ಕಾರದ 2011ರ ಸೂಚಿಗಳು ಹಾಗೆ ಎಲ್ಲವನ್ನೂ ವಿಧಿಸಲಿಲ್ಲ. ತಿಂಡಿಗಳಲ್ಲಿ ಕನಿಷ್ಠ ಕಾಲುಭಾಗ ಪ್ರಮಾಣಕ್ಕೆ ಒಪ್ಪಬೇಕೆಂದು ಕೇಳಿ, ಉಳಿದುದನ್ನು ಕೊಳ್ಳುವವರ ಇಷ್ಟಕ್ಕೆ ಬಿಟ್ಟವು. ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಭಾರವಾದುದು: ಒಳ್ಳೆಯದನ್ನಿಟ್ಟರೆ ಯಾರೂ ಕೊಳ್ಳುವುದಿಲ್ಲ, ವ್ಯಾಪಾರಿ ಮುಳುಗುತ್ತಾನೆ ಎಂಬುದು. ಮಿನೆಸೋಟ ವಿಶ್ವವಿದ್ಯಾಲಯದ ಸಿಮೋನ್ ಫ್ರೆಂಚ್ ಮತ್ತು ಜೊತೆಗಾರರು 2001ರಲ್ಲಿ ಪ್ರಕಟಿಸಿದ ಪ್ರಯೋಗವು ಇದಕ್ಕೆ ಉತ್ತರ ಕೊಡುತ್ತದೆ. ಹನ್ನೆರಡು ಪ್ರೌಢಶಾಲೆಗಳಲ್ಲಿಯೂ ಹನ್ನೆರಡು ಕೆಲಸದ ಸ್ಥಳಗಳಲ್ಲಿಯೂ ಇದ್ದ 55 ಯಂತ್ರಗಳಿಗೆ ಕಡಮೆ ಕೊಬ್ಬಿನ ತಿಂಡಿಗಳನ್ನು ಸೇರಿಸಿ, ಒಮ್ಮೆ ಅವಕ್ಕೆ ಉಳಿದವುಗಳ ಬೆಲೆಯನ್ನೇ ಇಟ್ಟು, ಒಮ್ಮೆ ನೂರಕ್ಕೆ 10, ಒಮ್ಮೆ 25, ಒಮ್ಮೆ 50 ಪಾಲು ಇಳಿಸಿ, ಕೆಲವೆಡೆ ಚೀಟಿ ಅಂಟಿಸಿ, ಕೆಲವೆಡೆ ಉತ್ತೇಜನದ ಫಲಕವನ್ನೂ ತೂಗುಹಾಕಿ, ಹನ್ನೆರಡು ತಿಂಗಳು ಮಾರಾಟವನ್ನು ಎಣಿಸಿದರು. ಬೆಲೆಯ ಆ ಮೂರು ಇಳಿತಗಳಿಗೆ ಮಾರಾಟದ ಏರಿಕೆ ಕ್ರಮವಾಗಿ ನೂರಕ್ಕೆ 9, 39 ಮತ್ತು 93. ಚೀಟಿ ಫಲಕಗಳ ಪ್ರಭಾವ ಇದ್ದರೂ ಅಲ್ಪ. ಯಂತ್ರವೊಂದರ ಸರಾಸರಿ ಲಾಭ ಕುಂದಲಿಲ್ಲ. ಉಪದೇಶಕ್ಕಿಂತ ಬೆಲೆ ಬಲವಾಗಿ ಮಾತನಾಡಿತು. ಕಾಸೆಣಿಸಿ ಹೊಟ್ಟೆ ತುಂಬಿಸಿಕೊಳ್ಳುವವನಿಗೆ ಹಿತವಾದುದು ಅಗ್ಗವೂ ಆದಾಗ ಅವನು ಅದನ್ನೇ ಆರಿಸಿಕೊಂಡನು.

ಆದರೂ ಆ ವ್ಯಾಪಾರಿ ಯಾರು ಎಂಬುದನ್ನು ಹೇಳದೆ ಈ ಅಧ್ಯಾಯವನ್ನು ಮುಗಿಸುವಂತಿಲ್ಲ. 1936ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುವೆ, ರ‍್ಯಾಂಡಾಲ್ಫ್–ಶೆಪರ್ಡ್ ಎಂದು ಹೆಸರಾದ ಶಾಸನವೊಂದಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಸಹಿಹಾಕಿದರು: ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ವೃತ್ತಪತ್ರಿಕೆ, ಮಿಠಾಯಿ, ಹೊಗೆಸೊಪ್ಪಿನ ಸರಕುಗಳನ್ನು ಮಾರುವ ಅಂಗಡಿಗಳನ್ನು ಅಂಧರಿಗೆ ಕೊಡಿಸುವ ಕಾನೂನು ಅದು. ಯಂತ್ರಗಳು ಬಂದು ಆ ಪುಟ್ಟ ಅಂಗಡಿಗಳ ವ್ಯಾಪಾರವನ್ನು ಕಸಿದುಕೊಳ್ಳತೊಡಗಿದಾಗ, 1974ರ ತಿದ್ದುಪಡಿಯು ಯಂತ್ರಗಳ ಆದಾಯದಲ್ಲಿಯೂ ಅವರಿಗೆ ಪಾಲು ಕೊಡಿಸಿತು. ಇಂದು ಎಷ್ಟೋ ಸರ್ಕಾರಿ ಕಟ್ಟಡಗಳಲ್ಲಿ ಗಾಜಿನ ಬೀರುಗಳ ಬೀಗದಕೈ ಇರುವುದು ಇಂಥ ಅಂಧ ವ್ಯಾಪಾರಿಯೊಬ್ಬನ ಜೇಬಿನಲ್ಲಿ. ಪ್ರಮಾಣಗಳ ಮಾತು ಬಂದಾಗ ತಮ್ಮ ಜೀವನೋಪಾಯಕ್ಕೆ ಕುಂದು ಬಂದೀತೆಂದು ಅವರ ಬಳಗ ಆತಂಕಪಟ್ಟುದು ಸಹಜ. ಅದನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಅನ್ಯಾಯ. ಕೆಲಸಗಾರನ ಆರೋಗ್ಯವನ್ನು ಕಾಯಲು ಹೊರಟ ಸರ್ಕಾರವು, ಬೆಲೆಯಿಳಿಸಿದ ಮೊದಲ ತಿಂಗಳುಗಳ ನಷ್ಟದ ಭಯವನ್ನೂ ಮಾರಾಟವಾಗದ ಸರಕಿನ ಭಾರವನ್ನೂ ಕಣ್ಣಿಲ್ಲದವನ ಮೇಲೆ ಹೊರಿಸದೆ ತಾನೇ ಹೊರಬೇಕು. ಪ್ರಮಾಣವನ್ನು ಬರೆಯುವ ಕಾಗದದಲ್ಲಿಯೇ ಈ ಮಾತೂ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದರೆ ಒಣ ತಿಂಡಿಯನ್ನು ಬಿಟ್ಟು ಹಣ್ಣು, ಮೊಸರು, ಸೊಪ್ಪುಗಳ ಕಡೆಗೆ ಹೊರಟೊಡನೆ ಯಂತ್ರವೇ ಬೇರೆಯಾಗಬೇಕಾಗುತ್ತದೆ. ಬಾಳೆಹಣ್ಣು ಬಿದ್ದರೆ ಜಜ್ಜಿಹೋಗುತ್ತದೆ. ಅದಕ್ಕಾಗಿ ಪದಾರ್ಥವನ್ನು ಬೀಳಿಸದೆ, ಪುಟ್ಟದೊಂದು ಲಿಫ್ಟಿನಲ್ಲಿ ಕೂರಿಸಿ ಕೆಳಕ್ಕೆ ತರುವ ಯಂತ್ರಗಳಿವೆ. ದುಂಡಗೆ ತಿರುಗುವ ತಟ್ಟೆಗಳ ಮೇಲೆ ಒಂದೊಂದು ಗೂಡಿನಲ್ಲಿ ಒಂದೊಂದನ್ನಿಟ್ಟು, ಗಿರಾಕಿಯೇ ಪುಟ್ಟ ಬಾಗಿಲನ್ನು ಸರಿಸಿ ತೆಗೆದುಕೊಳ್ಳುವಂಥವೂ ಇವೆ. ಅವಕ್ಕೆಲ್ಲ ಶೈತ್ಯ ಬೇಕು, ಮತ್ತು ಶೈತ್ಯಕ್ಕೊಂದು ಕಾವಲು ಬೇಕು. ಅಮೆರಿಕದ ಆಹಾರ ಸಂಹಿತೆಯ ಪ್ರಕಾರ ಬೇಗ ಕೆಡುವ ಪದಾರ್ಥವನ್ನು ಮಾರುವ ತಂಪುಯಂತ್ರದೊಳಗಣ ಗಾಳಿ 5 ಡಿಗ್ರಿ ಸೆಲ್ಸಿಯಸನ್ನು ಮೀರಬಾರದು; ಸರಕು ತುಂಬಲೆಂದು ಬಾಗಿಲು ತೆರೆದ ಮೇಲೆ ಮಾತ್ರ ಅರ್ಧ ಗಂಟೆಯ ಅವಕಾಶವುಂಟು. ಅದನ್ನು ಮೀರಿದರೆ ಯಂತ್ರವು ತಾನಾಗಿಯೇ ಮಾರಾಟವನ್ನು ನಿಲ್ಲಿಸಿಬಿಡಬೇಕು. ರಾತ್ರಿಯ ವೇಳೆ ವಿದ್ಯುತ್ತು ಹೋಗಿ ಬಂದಿತೆನ್ನಿ: ಬೆಳಗ್ಗೆ ಕಚೇರಿಗೆ ಬಂದವರಿಗೆ ದೀಪ ಉರಿಯುತ್ತಿರುವುದು ಕಾಣುತ್ತದೆ, ಗಾಜಿನ ಹಿಂದೆ ಮೊಸರೂ ಹಣ್ಣೂ ಹಿಂದಣ ದಿನದಂತೆಯೇ ಸಾಲಾಗಿ ಕುಳಿತಿರುವುದು ಕಾಣುತ್ತದೆ, ಆದರೆ ಹಾಕಿದ ನಾಣ್ಯ ಕೆಳಗಿನ ಬಟ್ಟಲಿಗೆ ಹಿಂದಿರುಗಿ ಬೀಳುತ್ತದೆ. ವ್ಯಾಪಾರಿ ಬಂದು, ಬೀಗ ತೆರೆದು, ಗೂಡುಗೂಡಿಗೆ ಕೈಹಾಕಿ ಒಂದೊಂದನ್ನೂ ಹೊರತೆಗೆದು, ಕಸದ ಚೀಲಕ್ಕೆ ಹಾಕಿ, ಹೊಸದನ್ನು ತುಂಬುವವರೆಗೆ ಆ ಯಂತ್ರ ಯಾರಿಗೂ ಏನನ್ನೂ ಕೊಡುವುದಿಲ್ಲ.